ರಾಯಚೂರಿನ ಹಟ್ಟಿಗೂ ಹಿಟ್ಟೈಟರಿಗೂ ನಂಟಿದೆಯೇ? ಸುಮೇರಿಯದ ‘ಊರ್’ ನಮ್ಮ ‘ಊರು’ ಹೌದೇ?

ಮೂರೂವರೆ ಸಾವಿರ ವರ್ಷಗಳ ಹಿಂದೆ ಇಂದಿನ ಟರ್ಕಿಯಲ್ಲಿ ಆಳಿದ ಹಿಟ್ಟೈಟರು ತಮ್ಮ ನಾಡನ್ನು ‘ಹಟ್ಟಿ’ ಎಂದು ಕರೆಯುತ್ತಿದ್ದರಂತೆ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನಲ್ಲಿ ಚಿನ್ನದ ಗಣಿ ಇರುವ ಊರೂ ಹಟ್ಟಿ. ಸುಮೇರಿಯನ್ನರ ಪ್ರಸಿದ್ಧ ನಗರದ ಹೆಸರು ‘ಊರ್’, ನಾವು ದಿನವೂ ಬಳಸುವ ಮಾತು ‘ಊರು’. ಹಾಗಿದ್ದರೆ ಜಗತ್ತಿನ ಮೊದಲ ನಾಗರಿಕತೆಗಳನ್ನು ಕಟ್ಟಿದವರು ನಮ್ಮ ರಾಯಚೂರು, ದೇವದುರ್ಗ, ಮಾನ್ವಿ ಕಡೆಯಿಂದ ಹೋದವರೇ? ಅಥವಾ ಅವರೇ ಚಿನ್ನ ಹುಡುಕಿಕೊಂಡು ಇಲ್ಲಿಗೆ ಬಂದಿದ್ದರೇ?

ಇಂಥ ಮಾತುಗಳು ಫ್ಯಾಮಿಲಿ ಗುಂಪಿನಲ್ಲಿ ಬಂದಾಗ ಖುಷಿಯಿಂದ ಮುಂದೆ ಕಳಿಸುವವರೇ ಹೆಚ್ಚು. ನಮ್ಮ ಊರಿನ ಹೆಸರು ಅಷ್ಟು ದೊಡ್ಡ ಚರಿತ್ರೆಯಲ್ಲಿ ಕೇಳಿಸಿದರೆ ಯಾರಿಗೆ ಬೇಡ? ಆದರೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಹಟ್ಟಿಗೂ ಹಿಟ್ಟೈಟರಿಗೂ ಸಂಬಂಧವಿಲ್ಲ. ‘ಊರ್’ ಮತ್ತು ‘ಊರು’ ಕೂಡ ಆಕಸ್ಮಿಕ ಹೋಲಿಕೆ. ಹಾಗಂತ ಆ ಕಾಲದಲ್ಲಿ ರಾಯಚೂರು ಸೀಮೆ ಖಾಲಿ ಬಿದ್ದಿರಲಿಲ್ಲ. ಇಲ್ಲಿ ಏನಿತ್ತು ಎಂಬುದು ಫಾರ್ವರ್ಡ್ ಸಂದೇಶಕ್ಕಿಂತ ಚೆನ್ನಾದ ಕಥೆ, ಅದಕ್ಕೆ ನೆಲದೊಳಗೆ ಪುರಾವೆಯೂ ಇದೆ.

ಮೊದಲು, ಇವರೆಲ್ಲ ಯಾರು?

ಸುಮೇರಿಯನ್ನರು, ಬ್ಯಾಬಿಲೋನಿಯನ್ನರು, ಅಸ್ಸೀರಿಯನ್ನರು, ಹಿಟ್ಟೈಟರು ಎಂದು ನಾಲ್ಕು ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವುದು ಶಾಲಾ ಪುಸ್ತಕದಿಂದ ಬಂದ ರೂಢಿ. ಇವರು ಒಂದೇ ಜನ ಅಲ್ಲ, ಒಂದೇ ಭಾಷೆಯವರೂ ಅಲ್ಲ.

ಸುಮೇರಿಯನ್ನರು ಇಂದಿನ ದಕ್ಷಿಣ ಇರಾಕಿನವರು. ಯೂಫ್ರೆಟಿಸ್ ಮತ್ತು ಟೈಗ್ರಿಸ್ ನದಿಗಳ ಕೆಳಭಾಗದಲ್ಲಿ ಉರುಕ್, ಊರ್ ಮುಂತಾದ ನಗರ ಕಟ್ಟಿದರು. ಕ್ರಿ.ಪೂ. 3300ರ ಸುಮಾರಿಗೇ ಹಸಿ ಮಣ್ಣಿನ ಹಲಗೆಯ ಮೇಲೆ ಗುರುತು ಒತ್ತಿ ಲೆಕ್ಕ ಬರೆಯಲು ಶುರುಮಾಡಿದರು. ಅದೇ ಮುಂದೆ ಕ್ಯೂನಿಫಾರ್ಮ್, ಅಂದರೆ ಬೆಣೆಯಾಕಾರದ ಲಿಪಿ ಆಯಿತು. ಅವರಲ್ಲಿ ಮೊದಲು ಬರೆದದ್ದು ಕಾವ್ಯವಲ್ಲ. ಇಷ್ಟು ಬಾರ್ಲಿ ಬಂತು, ಇಷ್ಟು ಕುರಿ ಹೋಯಿತು ಎಂಬ ಲೆಕ್ಕ.

ಬ್ಯಾಬಿಲೋನಿಯನ್ನರು ಅದೇ ನೆಲದಲ್ಲಿ ನಂತರ ಮೇಲೆದ್ದವರು. ಹಮ್ಮುರಾಬಿ ಆಳಿದ್ದು ಕ್ರಿ.ಪೂ. 1792ರಿಂದ 1750ರವರೆಗೆ. ಅವನ ಕಾನೂನುಗಳನ್ನು ಕೆತ್ತಿದ ಕಪ್ಪು ಕಲ್ಲು ಈಗ ಪ್ಯಾರಿಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ನಿಮ್ಮ ಫೋನಿನ ಗಡಿಯಾರ ಗಂಟೆಗೆ 60 ನಿಮಿಷ ತೋರಿಸುವುದಕ್ಕೆ ಮೂಲ ಇವರು. ಸುಮೇರಿಯನ್ನರಿಂದ ಕಲಿತ 60ರ ಲೆಕ್ಕದಲ್ಲೇ ಅವರ ಗಣಿತ ನಡೆಯುತ್ತಿತ್ತು. ಅಸ್ಸೀರಿಯನ್ನರು ಇರಾಕಿನ ಉತ್ತರ ಭಾಗದವರು, ದೊಡ್ಡ ಸೈನ್ಯ ಕಟ್ಟಿದವರು. ಅವರ ನಿನೆವೆ ನಗರ ಕ್ರಿ.ಪೂ. 612ರಲ್ಲಿ ಬಿತ್ತು.

ಹಿಟ್ಟೈಟರು ಇರಾಕಿನವರೇ ಅಲ್ಲ. ಟರ್ಕಿಯ ನಡುಭಾಗದ ಗುಡ್ಡಗಾಡಿನಲ್ಲಿ, ಇಂದು ಬೊಗಾಜ್‌ಕಲೆ ಎನ್ನುವ ಹಳ್ಳಿಯ ಬಳಿ, ಹತ್ತುಸ ಎಂಬ ರಾಜಧಾನಿ ಇಟ್ಟುಕೊಂಡು ಸುಮಾರು ಕ್ರಿ.ಪೂ. 1650ರಿಂದ 1200ರವರೆಗೆ ಆಳಿದರು. ಈಜಿಪ್ಟಿನ ಎರಡನೇ ರಾಮ್ಸೆಸ್ ಜೊತೆ ಕ್ರಿ.ಪೂ. 1274ರಲ್ಲಿ ಕದೇಶ್ ಎಂಬಲ್ಲಿ ಯುದ್ಧ ಮಾಡಿದರು, ಆಮೇಲೆ ಲಿಖಿತ ಶಾಂತಿ ಒಪ್ಪಂದ ಮಾಡಿಕೊಂಡರು. ಆ ಒಪ್ಪಂದದ ಪ್ರತಿಕೃತಿ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಟ್ಟಡದಲ್ಲಿ ಇದೆ. ರಾಯಚೂರಿನಿಂದ ಹತ್ತುಸ ನೇರ ಗೆರೆಯಲ್ಲೇ ನಾಲ್ಕೂವರೆ ಸಾವಿರ ಕಿಲೋಮೀಟರಿಗೂ ದೂರ.

‘ಹಟ್ಟಿ’ ಎಂಬ ಹೆಸರಿನ ಕಥೆ

ದೂರ ಎಂಬ ಕಾರಣಕ್ಕೇ ಸಂಬಂಧ ಇಲ್ಲ ಎನ್ನಲಾಗದು. ಹೆಸರನ್ನೇ ಬಿಚ್ಚಿ ನೋಡೋಣ.

ನಮ್ಮ ಹಟ್ಟಿ ಅಚ್ಚಗನ್ನಡದ ಮಾತು. ದನ ಕುರಿ ಕೂಡುವ ಜಾಗ, ಅದರ ಸುತ್ತ ಬೆಳೆದ ಸಣ್ಣ ವಸತಿ. ಗೊಲ್ಲರಹಟ್ಟಿ, ನಾಯಕನಹಟ್ಟಿ ಎಂಬ ಹೆಸರುಗಳನ್ನು ಎಲ್ಲರೂ ಕೇಳಿರುತ್ತೀರಿ. ನೀಲಗಿರಿಯ ಬಡಗರು ಇಂದಿಗೂ ತಮ್ಮ ಹಳ್ಳಿಯನ್ನು ಹಟ್ಟಿ ಎಂದೇ ಕರೆಯುತ್ತಾರೆ. ಅಂದರೆ ಹಟ್ಟಿ ಎಂಬುದು ಒಂದು ಊರಿನ ಅಪರೂಪದ ಹೆಸರಲ್ಲ, ನೂರಾರು ಕಡೆ ಇರುವ ಮಾಮೂಲಿ ಮಾತು.

ಈಗ ಮುಖ್ಯ ವಿಷಯ. ಈ ಮಾತಿನ ಮೊದಲಲ್ಲಿ ಇರುವ ‘ಹ’ ಹಳೆಯದಲ್ಲ. ಹಳಗನ್ನಡದ ‘ಪ’ ಸುಮಾರು ಹತ್ತನೇ ಶತಮಾನದ ಆಸುಪಾಸಿನಿಂದ ‘ಹ’ ಆಗುತ್ತ ಬಂತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನದಲ್ಲೇ ಆ ಊರಿನ ಹೆಸರು ‘ಪಲ್ಮಡಿ’ ಎಂದಿದೆ. ಹಟ್ಟಿಯೂ ಹಾಗೆಯೇ, ಮೊದಲು ‘ಪಟ್ಟಿ’. ತಮಿಳಿನಲ್ಲಿ ಆ ‘ಪ’ ಬದಲಾಗಲಿಲ್ಲ, ಹಾಗಾಗಿ ಅಲ್ಲಿ ಕೋವಿಲ್‌ಪಟ್ಟಿ, ಉಸಿಲಂಪಟ್ಟಿ ಉಳಿದಿವೆ. ಹಿಟ್ಟೈಟರ ರಾಜ್ಯ ಮುಗಿದು ಎರಡು ಸಾವಿರ ವರ್ಷಗಳಾದ ಮೇಲೆ ನಮ್ಮ ಪಟ್ಟಿ ಹಟ್ಟಿಯಾಗಿದೆ. ಹಿಟ್ಟೈಟರ ಕಾಲದವನೊಬ್ಬ ಇಲ್ಲಿಗೆ ಬಂದು ಕಿವಿಗೊಟ್ಟಿದ್ದರೂ ಅವನಿಗೆ ‘ಹಟ್ಟಿ’ ಎಂಬ ಮಾತು ಕೇಳಿಸುತ್ತಿರಲಿಲ್ಲ.

ಆ ಕಡೆಯ ಹೆಸರೂ ನಿಜವಾಗಿ ‘ಹಟ್ಟಿ’ ಅಲ್ಲ. ಅದರ ಮೊದಲ ಸದ್ದು ಉರ್ದುವಿನ ‘ಖುದಾ’ ಎನ್ನುವಾಗ ಗಂಟಲಿನಿಂದ ಬರುವಂಥದ್ದು. ರಾಯಚೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ದಖನಿ ಉರ್ದುವಿನಲ್ಲಿ ದಿನವೂ ಕೇಳುತ್ತೀರಿ. ನಡುವಿನ ಅಕ್ಷರ ‘ಟ್ಟ’ ಅಲ್ಲ, ‘ತ್ತ’. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ಟಿ’ ಅಕ್ಷರ ಇರುವುದರಿಂದ ಗೊಂದಲವಾಗಿದೆ. ಕನ್ನಡದಲ್ಲಿ ಸರಿಯಾಗಿ ಬರೆದರೆ ಅದು ‘ಖತ್ತಿ’ ಅಥವಾ ‘ಹತ್ತಿ’. ಹಾಗೆ ಬರೆದು ಹೋಲಿಕೆಯ ಆಟವನ್ನೇ ಆಡುವುದಾದರೆ, ರಾಯಚೂರಿನ ಹತ್ತಿ ಮಾರುಕಟ್ಟೆಯನ್ನೂ ಹಿಟ್ಟೈಟರೇ ಶುರುಮಾಡಿದರು ಎನ್ನಬೇಕಾಗುತ್ತದೆ!

ಇನ್ನೊಂದು ಸಂಗತಿ ಇದೆ. ಆ ಹೆಸರು ಹಿಟ್ಟೈಟರ ಸ್ವಂತದ್ದೂ ಅಲ್ಲ. ಅವರಿಗಿಂತ ಮೊದಲು ಅಲ್ಲಿದ್ದ, ಬೇರೆ ಭಾಷೆಯ ಹತ್ತಿಯನ್ ಜನರಿಂದ ಬಂದದ್ದು. ಹಿಟ್ಟೈಟರು ತಮ್ಮ ಭಾಷೆಯನ್ನು ‘ನೆಸ’ ಎಂಬ ಪಟ್ಟಣದ ಭಾಷೆ ಎಂದು ಕರೆದುಕೊಳ್ಳುತ್ತಿದ್ದರು. ಆ ಭಾಷೆಯ ಗುಟ್ಟು ಬಿಡಿಸಿದವನು ಚೆಕ್ ವಿದ್ವಾಂಸ ಬೆಡ್ರಿಚ್ ಹ್ರೋಜ್ನಿ, 1915ರಲ್ಲಿ. ಅದು ಸಂಸ್ಕೃತ, ಗ್ರೀಕ್, ಇಂಗ್ಲಿಷ್ ಸೇರಿದ ಇಂಡೋ-ಯುರೋಪಿಯನ್ ಕುಟುಂಬದ್ದು ಎಂದು ಅವನು ತೋರಿಸಿಕೊಟ್ಟ. ಹಿಟ್ಟೈಟ್ ಭಾಷೆಯಲ್ಲಿ ನೀರಿಗೆ ‘ವಾತರ್’ ಎನ್ನುತ್ತಾರೆ, ಇಂಗ್ಲಿಷಿನ ‘ವಾಟರ್’ ನೆನಪಾಗುತ್ತದೆ ಅಲ್ಲವೇ? ಇದೊಂದೇ ಮಾತಿದ್ದರೆ ಇದನ್ನೂ ಆಕಸ್ಮಿಕ ಎನ್ನಬಹುದಿತ್ತು. ಆದರೆ ನಾಮಪದ, ಕ್ರಿಯಾಪದಗಳ ರೂಪಗಳು, ವಿಭಕ್ತಿ ಎಲ್ಲವೂ ಕ್ರಮವಾಗಿ ಹೊಂದಿಕೊಂಡವು. ಭಾಷೆಗಳ ನಂಟು ಸಾಬೀತಾಗುವುದು ಹಾಗೆ. ಕನ್ನಡದ ಜೊತೆ ಹಿಟ್ಟೈಟ್ ಹಾಗೆ ಹೊಂದುವುದಿಲ್ಲ.

‘ಊರ್’ ಮತ್ತು ‘ಊರು’

ಇದು ಹಟ್ಟಿಗಿಂತ ಗಟ್ಟಿ ಹೋಲಿಕೆ ಎಂದು ಒಪ್ಪುತ್ತೇವೆ. ಸುಮೇರಿಯನ್ ಭಾಷೆಯಲ್ಲಿ ನಗರಕ್ಕಿರುವ ಮಾತನ್ನು ವಿದ್ವಾಂಸರು ‘ಉರು’ ಅಥವಾ ‘ಇರಿ’ ಎಂದು ಓದುತ್ತಾರೆ. ಕನ್ನಡ, ತೆಲುಗಿನಲ್ಲಿ ಊರು, ತಮಿಳು, ಮಲಯಾಳದಲ್ಲಿ ಊರ್. ರಾಯಚೂರು ಎಂಬ ಹೆಸರಿನ ಬಾಲದಲ್ಲೂ ಅದು ಕೇಳಿಸುತ್ತದೆ. ಆದರೆ ಊರ್ ನಗರವನ್ನು ಸುಮೇರಿಯನ್ನರು ಕರೆಯುತ್ತಿದ್ದದ್ದು ‘ಉರಿಮ್’ ಎಂದು. ‘ಊರ್’ ಎಂಬುದು ನಮಗೆ ಬೈಬಲ್ ಮೂಲಕ, ಇಂಗ್ಲಿಷ್ ಮೂಲಕ ಬಂದ ರೂಪ.

ಎರಡು ಭಾಷೆಗಳು ಅಕ್ಕತಂಗಿಯರೇ ಎಂದು ನೋಡಲು ಸುಲಭದ ದಾರಿ ಇದೆ. ಎಲ್ಲ ಭಾಷೆಗಳಲ್ಲೂ ಇರಲೇಬೇಕಾದ ಮನೆಬಳಕೆಯ ಮಾತುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಕನ್ನಡದಲ್ಲಿ ಒಂದು, ಎರಡು, ಮೂರು, ನಾಲ್ಕು. ತೆಲುಗಿನಲ್ಲಿ ಒಕಟಿ, ರೆಂಡು, ಮೂಡು, ನಾಲುಗು. ತಮಿಳಿನಲ್ಲಿ ಒನ್ರು, ಇರಂಡು, ಮೂನ್ರು, ನಾನ್ಗು. ನಂಟು ಕಣ್ಣಿಗೆ ಕಾಣುತ್ತದೆ. ಸುಮೇರಿಯನ್ನಲ್ಲಿ? ದಿಶ್, ಮಿನ್, ಎಶ್, ಲಿಮ್ಮು. ಕೈಗೆ ‘ಶು’, ಕಣ್ಣಿಗೆ ‘ಇಗಿ’, ನೀರಿಗೆ ‘ಅ’, ಮನೆಗೆ ‘ಎ’. ಎಲ್ಲಿ ಹೊಂದುತ್ತದೆ ಹೇಳಿ.

ತಾಯಿಗೆ ಮಾತ್ರ ಅವರೂ ‘ಅಮ’ ಎನ್ನುತ್ತಿದ್ದರು. ಇದನ್ನು ಹಿಡಿದುಕೊಂಡು ‘ನೋಡಿ, ಅಮ್ಮ!’ ಎನ್ನುವವರಿದ್ದಾರೆ. ಆದರೆ ಮಗು ಮೊದಲು ಬಾಯಿ ಮುಚ್ಚಿ ತೆರೆದಾಗ ಹೊರಡುವ ಸದ್ದೇ ‘ಮ’. ಹಾಗಾಗಿ ಅಮ್ಮ, ಮಾ, ಮಾಮಾ ತರಹದ ಮಾತುಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಭಾಷೆಗಳಲ್ಲೂ ಸಿಗುತ್ತವೆ. ಅದರಿಂದ ಏನೂ ಸಾಬೀತಾಗುವುದಿಲ್ಲ.

ಆಕಸ್ಮಿಕ ಹೋಲಿಕೆ ಎಂದರೆ ಹೇಗಿರುತ್ತದೆ ಎಂದು ಕೇಳುವವರಿಗೆ ಒಂದು ಮೋಜಿನ ಉದಾಹರಣೆ ಇದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಎಂಬಾಬರಂ ಎಂಬ ಭಾಷೆಯಲ್ಲಿ ನಾಯಿಗೆ ‘ಡಾಗ್’ ಎನ್ನುತ್ತಿದ್ದರು. ಇಂಗ್ಲಿಷಿನಿಂದ ಪಡೆದದ್ದಲ್ಲ, ತಾನೇ ಹಾಗೆ ಬೆಳೆದ ಮಾತು. ಸಾವಿರಾರು ಭಾಷೆಗಳು, ಒಂದೊಂದರಲ್ಲೂ ಸಾವಿರಾರು ಮಾತುಗಳು, ಬಾಯಿಂದ ಹೊರಡುವ ಸದ್ದುಗಳೋ ಕೆಲವೇ ಡಜನ್. ಹೋಲಿಕೆ ಆಗದೇ ಇದ್ದರೇ ಆಶ್ಚರ್ಯ. ಸುಮೇರಿಯನ್ ಭಾಷೆಗೆ ಗೊತ್ತಿರುವ ಬಂಧುವೇ ಇಲ್ಲ, ಅದು ಒಂಟಿ ಭಾಷೆ ಎಂಬುದು ಭಾಷಾಶಾಸ್ತ್ರಜ್ಞರ ಸಾಮಾನ್ಯ ಅಭಿಪ್ರಾಯ.

ಚಿನ್ನಕ್ಕಾಗಿ ಬಂದಿದ್ದರೇ?

ಹಟ್ಟಿಯ ಹೆಸರು ಬಂದ ಕೂಡಲೇ ಚಿನ್ನದ ಮಾತು ಬರಲೇಬೇಕು. ಸುಮೇರಿಯನ್ನರ ನೆಲದಲ್ಲಿ ಚಿನ್ನವೂ ಇಲ್ಲ, ತಾಮ್ರವೂ ಇಲ್ಲ, ಒಳ್ಳೆಯ ಕಲ್ಲು ಮರವೂ ಇಲ್ಲ. ಎಲ್ಲವನ್ನೂ ಹೊರಗಿನಿಂದ ತರಿಸುತ್ತಿದ್ದರು. ಲಿಯೊನಾರ್ಡ್ ವೂಲಿ 1922ರಿಂದ 1934ರವರೆಗೆ ಊರ್ ನಗರವನ್ನು ಅಗೆದಾಗ ರಾಜ ಸಮಾಧಿಗಳಲ್ಲಿ ರಾಶಿ ಚಿನ್ನ ಸಿಕ್ಕಿತು. ಹಾಗಾಗಿ ಎಲ್ಲಿಂದ ಬಂತು ಎಂಬ ಪ್ರಶ್ನೆ ನ್ಯಾಯವಾದದ್ದೇ.

ರಾಯಚೂರು ಜಿಲ್ಲೆಯ ಚಿನ್ನದ ಪಟ್ಟಿ ಹಟ್ಟಿಗೆ ಸೀಮಿತವಲ್ಲ. ದೇವದುರ್ಗ ತಾಲೂಕಿನ ಊಟಿ, ಮಾನ್ವಿ ಸೀಮೆಯ ಹಿರೇಬುದ್ದಿನ್ನಿಯಲ್ಲೂ ಹಟ್ಟಿ ಚಿನ್ನದ ಗಣಿ ಕಂಪನಿಯ ಗಣಿಗಳಿವೆ. ನಿಜಾಮರ ಕಾಲದಲ್ಲಿ ಇಪ್ಪತ್ತನೇ ಶತಮಾನದ ಆರಂಭದವರೆಗೆ ಒಂದು ಸುತ್ತು ಗಣಿಗಾರಿಕೆ ನಡೆದು ನಿಂತಿತ್ತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಕಂಪನಿ ಸ್ಥಾಪನೆಯಾಗಿ, ರಾಜ್ಯಗಳ ಮರುವಿಂಗಡಣೆಯ ನಂತರ ಇಂದಿನ ಹೆಸರು ಬಂತು. ಈ ಎಲ್ಲರಿಗಿಂತ ಮೊದಲೇ ಯಾರೋ ಇಲ್ಲಿ ಅಗೆದಿದ್ದರು. ಆರುನೂರು ಅಡಿಗೂ ಆಳದಲ್ಲಿ ಹಳೆಯ ಸುರಂಗಗಳು, ಅವುಗಳಲ್ಲಿ ಆಧಾರಕ್ಕೆ ಕೊಟ್ಟ ಮರದ ತುಂಡುಗಳು ಸಿಕ್ಕಿವೆ. ಬೆಂಕಿ ಹಾಕಿ ಬಂಡೆ ಕಾಯಿಸಿ, ತಣ್ಣೀರು ಸುರಿದು ಬಿರುಕು ಬಿಡಿಸಿ ಒಡೆಯುವುದು ಹಳೆಯ ಗಣಿಗಾರರ ವಿಧಾನ. ಒಂದು ಟನ್ ಕಲ್ಲು ಪುಡಿಮಾಡಿದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಬರಿಗೈಯಲ್ಲಿ, ಉಸಿರುಗಟ್ಟುವ ಹೊಗೆಯಲ್ಲಿ ಅಷ್ಟು ಆಳಕ್ಕೆ ಇಳಿದವರು ಯಾರಪ್ಪಾ ಎಂದು ಯೋಚಿಸಿದರೆ ಮೈ ಝುಂ ಎನ್ನುತ್ತದೆ.

ಆದರೆ ಆ ಮರದ ತುಂಡುಗಳ ಕಾರ್ಬನ್ ಪರೀಕ್ಷೆ ಹೇಳಿದ್ದು ಸುಮಾರು ಎರಡು ಸಾವಿರ ವರ್ಷ ಹಿಂದಿನ ಕಾಲ. ಶಾತವಾಹನರ ಕಾಲದ ಆಸುಪಾಸು. ಆಗ ಸುಮೇರಿಯನ್ ಆಡುಭಾಷೆಯಾಗಿ ಸತ್ತು ಎರಡು ಸಾವಿರ ವರ್ಷವಾಗಿತ್ತು, ಹಿಟ್ಟೈಟರು ಮರೆತೇ ಹೋಗಿದ್ದರು. ಸಿಂಧೂ ಕಣಿವೆಯ ಮೊಹೆಂಜೊದಾರೊದ ಚಿನ್ನ ಕರ್ನಾಟಕದಿಂದ ಹೋಗಿರಬಹುದು ಎಂಬ ಊಹೆಯನ್ನು ಭೂವಿಜ್ಞಾನಿ ಎಡ್ವಿನ್ ಪ್ಯಾಸ್ಕೋ 1930ರ ಸುಮಾರಿಗೆ ಮುಂದಿಟ್ಟಿದ್ದ. ಅದು ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತ ‘ಸಾಬೀತಾದ ಸತ್ಯ’ದ ವೇಷ ಹಾಕಿಕೊಂಡಿದೆ. ಅದು ಇಂದಿಗೂ ಊಹೆಯೇ.

ಅನುನ್ನಾಕಿ ಎಂಬ ಆಕಾಶದ ಜೀವಿಗಳು ಚಿನ್ನ ಅಗೆಯಲು ಭೂಮಿಗೆ ಬಂದರು ಎಂಬ ವಿಡಿಯೊಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಸುಮೇರಿಯನ್ ಹಲಗೆಗಳಲ್ಲಿ ಇಲ್ಲ. ಜೆಕರಾಯ ಸಿಚಿನ್ ಎಂಬ ಲೇಖಕ 1976ರಲ್ಲಿ ಬರೆದ ಪುಸ್ತಕದಲ್ಲಿದೆ. ಮೆಸೊಪೊಟೇಮಿಯದ ಕಥೆಯಲ್ಲಿ ದೇವತೆಗಳು ಮನುಷ್ಯರನ್ನು ಮಾಡಿದ್ದು ಕಾಲುವೆ ತೋಡುವಂಥ ಕೂಲಿ ಕೆಲಸವನ್ನು ತಮ್ಮ ತಲೆಯಿಂದ ಇಳಿಸಿಕೊಳ್ಳಲು. ಚಿನ್ನಕ್ಕಾಗಿ ಅಲ್ಲ.

ಹಾಗಾದರೆ ಆ ಕಾಲದಲ್ಲಿ ಇಲ್ಲಿ ಏನಿತ್ತು?

ಊರ್ ನಗರದಲ್ಲಿ ರಾಜರನ್ನು ಚಿನ್ನದ ಜೊತೆ ಹೂಳುತ್ತಿದ್ದ ಕಾಲಕ್ಕೆ ಕೃಷ್ಣಾ-ತುಂಗಭದ್ರಾ ನದಿಗಳ ನಡುವಿನ ದೋಆಬ್ ಸೀಮೆಯಲ್ಲಿ ದನಗಾಹಿಗಳಿದ್ದರು. ನಯಗೊಳಿಸಿದ ಕಲ್ಲಿನ ಕೊಡಲಿ, ಕೈಯಲ್ಲಿ ಮಾಡಿದ ಬೂದು ಬಣ್ಣದ ಮಡಕೆ, ಗುಂಡು ಗುಡಿಸಲು. ಇದನ್ನೇ ನವಶಿಲಾಯುಗ ಎನ್ನುವುದು. ಮುದಗಲ್ ಹತ್ತಿರದ ಪಿಕ್ಲಿಹಾಳದಲ್ಲಿ ಬ್ರಿಟಿಷ್ ಪುರಾತತ್ವಜ್ಞ ರೇಮಂಡ್ ಆಲ್ಚಿನ್ 1952ರಲ್ಲಿ ಅಗೆದು ಇವರ ನೆಲೆ ತೋರಿಸಿದರು. ಅಲ್ಲಿನ ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳಿವೆ.

ಇವರು ಬಿಟ್ಟುಹೋದ ದೊಡ್ಡ ಗುರುತು ಬೂದಿ ದಿಬ್ಬ. ಕೃಷ್ಣೆಯ ಆಚೆ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಆಲ್ಚಿನ್ 1957ರಲ್ಲಿ ಅಗೆದರು. ಮರದ ಕಂಬ ನೆಟ್ಟು ಬೇಲಿ ಕಟ್ಟಿದ ಕುಳಿಗಳ ಸಾಲು ಸಿಕ್ಕಿತು. ಒಳಗೆ ದನಗಳ ಗೊರಸಿನ ಗುರುತು ಹಾಗೇ ಉಳಿದಿತ್ತು. ದನಗಳನ್ನು ಕೂಡುತ್ತಿದ್ದ ಜಾಗ ಅದು. ಅಲ್ಲಿ ಶೇಖರವಾದ ಸಗಣಿಯನ್ನು ಮತ್ತೆ ಮತ್ತೆ ದೊಡ್ಡದಾಗಿ ಸುಟ್ಟಿದ್ದರಿಂದ ಬೂದಿ ಗಟ್ಟಿಯಾಗಿ ದಿಬ್ಬವಾಗಿದೆ. ಕ್ರಿ.ಪೂ. ಮೂರನೇ ಸಹಸ್ರಮಾನದ ಮಾತು ಇದು. ಯಾಕೆ ಸುಟ್ಟರು? ಹಬ್ಬಕ್ಕೋ, ರೋಗ ಬಂದಾಗ ಶುದ್ಧಿಗೋ, ವಲಸೆ ಹೊರಡುವ ಮುನ್ನವೋ, ಇದರ ಮೇಲೆ ವಾದ ನಡೆದೇ ಇದೆ. ಹಂಪಿಯ ಬಳಿ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ.

ನೋಡಿ, ದನ ಕೂಡುವ ಹಟ್ಟಿಯೇ ಇಲ್ಲಿನ ಹಳೆಯ ಚರಿತ್ರೆಯ ಕೇಂದ್ರ. ಅವರು ಯಾವ ಭಾಷೆ ಆಡುತ್ತಿದ್ದರು ಎಂದು ಬೂದಿ ಹೇಳುವುದಿಲ್ಲ. ಏನು ತಿನ್ನುತ್ತಿದ್ದರು ಎಂದು ಮಾತ್ರ ಸುಟ್ಟ ಕಾಳುಗಳು ಹೇಳುತ್ತವೆ: ಕೊರಲೆಯಂಥ ಕಿರುಧಾನ್ಯ, ಹುರಳಿ, ಹೆಸರು. ಜೋಳದ ರೊಟ್ಟಿ ಅವರ ಮುಖ್ಯ ಊಟವಾಗಿರಲಿಲ್ಲ, ಜೋಳ ಆಫ್ರಿಕಾದಿಂದ ಬಂದ ಬೆಳೆ. ಚಿನ್ನದ ಪರಿಚಯವಂತೂ ಇತ್ತು. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಪುರಾತತ್ವಜ್ಞ ಎಂ. ಎಸ್. ನಾಗರಾಜ ರಾವ್ ಅಗೆದಾಗ ಇದೇ ನವಶಿಲಾಯುಗದ ಜನರ ಚಿನ್ನದ ಆಭರಣ ಸಿಕ್ಕಿತು. ಹೊಳೆಯ ಮರಳಿನಲ್ಲಿ ಆರಿಸಿದ ಚಿನ್ನವಿದ್ದೀತು, ಅದಕ್ಕೆ ಆಳದ ಗಣಿ ಬೇಕಿಲ್ಲ.

ಅಸ್ಸೀರಿಯನ್ನರು ನಿನೆವೆಯಲ್ಲಿ ಮಣ್ಣಿನ ಹಲಗೆಗಳ ಗ್ರಂಥಾಲಯ ಮಾಡುವ ಹೊತ್ತಿಗೆ ಇಲ್ಲಿ ಕಬ್ಬಿಣ ಬಂದಿತ್ತು. ಸತ್ತವರಿಗಾಗಿ ದೊಡ್ಡ ಕಲ್ಲುಗಳ ಗೋರಿ ಕಟ್ಟುತ್ತಿದ್ದರು. 1997ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದ, ಈಗ ಕೊಪ್ಪಳಕ್ಕೆ ಸೇರಿದ ಹಿರೇಬೆಣಕಲ್ ಗುಡ್ಡದ ಮೇಲೆ ಅಂಥ ನೂರಾರು ಕಲ್ಲುಮನೆಗಳಿವೆ. ಈ ಸೀಮೆಯಲ್ಲಿ ನಾವು ಓದಬಲ್ಲ ಬರಹ ಸಿಗುವುದು ಇನ್ನೂ ತಡವಾಗಿ, ಕ್ರಿ.ಪೂ. ಮೂರನೇ ಶತಮಾನದಲ್ಲಿ, ಮಸ್ಕಿಯ ಅಶೋಕನ ಶಾಸನದಲ್ಲಿ. ಅದನ್ನು 1915ರಲ್ಲಿ ಕಂಡುಹಿಡಿದ ಸಿ. ಬೀಡನ್ ಪುರಾತತ್ವದವನಲ್ಲ, ನಿಜಾಮರ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಇತ್ತು. ಆ ರಾಜ ಅಶೋಕನೇ ಎಂದು ಹೆಸರು ಹೇಳಿದ ಮೊದಲ ಬಂಡೆ ಮಸ್ಕಿಯದು.

ನಂಟು ಬೇಕೇ ಬೇಕು ಎನ್ನುವವರಿಗೆ

ಭಾರತ ಉಪಖಂಡಕ್ಕೂ ಆ ನಾಗರಿಕತೆಗಳಿಗೂ ನಿಜವಾದ ಸಂಪರ್ಕ ಇತ್ತು. ಅವು ರಾಯಚೂರಿನವಲ್ಲ ಅಷ್ಟೆ. ಕ್ರಿ.ಪೂ. 24-23ನೇ ಶತಮಾನದಲ್ಲಿ ಆಳಿದ ಅಕ್ಕಾಡಿನ ಸಾರ್ಗೊನ್ ತನ್ನ ಬಂದರಿಗೆ ‘ಮೆಲುಹ್ಹ’ದ ಹಡಗುಗಳು ಬರುತ್ತವೆ ಎಂದು ಬರೆಸಿಕೊಂಡ. ಮೆಲುಹ್ಹ ಎಂದರೆ ಸಿಂಧೂ ಕಣಿವೆಯ ನಾಡು ಎಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಊರ್ ನಗರದ ಸಮಾಧಿಗಳಲ್ಲಿ ಸಿಂಧೂ ಕುಶಲಕರ್ಮಿಗಳ ಶೈಲಿಯ ಕೆಂಪು ಕಾರ್ನೀಲಿಯನ್ ಮಣಿಗಳು ಸಿಕ್ಕಿವೆ.

ಹಿಟ್ಟೈಟರ ಹತ್ತುಸದಲ್ಲೂ ಒಂದು ಸೋಜಿಗ ಸಿಕ್ಕಿತು. ಕ್ರಿ.ಪೂ. 14ನೇ ಶತಮಾನದಲ್ಲಿ ಹಿಟ್ಟೈಟ್ ರಾಜ ಪಕ್ಕದ ಮಿತಾನ್ನಿ ರಾಜ್ಯದ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಸಾಕ್ಷಿಗೆ ಕರೆದ ದೇವರುಗಳಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರಿದೆ. ಕುದುರೆ ಪಳಗಿಸುವ ಬಗ್ಗೆ ಕಿಕ್ಕುಲಿ ಎಂಬ ಮಿತಾನ್ನಿ ತರಬೇತಿದಾರ ಬರೆಸಿದ ಹಲಗೆಗಳಲ್ಲಿ ಸುತ್ತು ಎಣಿಸುವಾಗ ಐಕ, ತೆರ, ಪಂಜ, ಸತ್ತ ಎಂಬ ಸಂಖ್ಯೆಗಳಿವೆ. ಸಂಸ್ಕೃತದ ಏಕ, ತ್ರಿ, ಪಂಚ, ಸಪ್ತದ ಹತ್ತಿರದ ಬಂಧುಗಳು ಇವು. ಇಲ್ಲಿಯೂ ಎಚ್ಚರ ಬೇಕು: ಇದು ಸಂಸ್ಕೃತಕ್ಕೆ ಹತ್ತಿರದ ಭಾಷೆಯವರು ಅಲ್ಲಿದ್ದರು ಎಂದು ಹೇಳುತ್ತದೆಯೇ ಹೊರತು, ಹಿಟ್ಟೈಟರು ಭಾರತದಿಂದ ಹೋದರು ಎಂದಲ್ಲ.

ಹತ್ತಿಯ ಮಾತು ತಮಾಷೆಗೆ ಎತ್ತಿದ್ದೆವು. ಅದರಲ್ಲೂ ಒಂದು ನಿಜವಿದೆ. ಅಸ್ಸೀರಿಯದ ರಾಜ ಸೆನ್ನಾಕೆರಿಬ್ ಕ್ರಿ.ಪೂ. 700ರ ಸುಮಾರಿಗೆ ನಿನೆವೆಯ ತನ್ನ ತೋಟದಲ್ಲಿ ಉಣ್ಣೆ ಬಿಡುವ ಮರಗಳನ್ನು ಬೆಳೆಸಿದ್ದಾಗಿ ಬರೆಸಿದ್ದಾನೆ. ಅದು ಹತ್ತಿ ಗಿಡ, ಭಾರತದ ಕಡೆಯಿಂದ ಬಂದ ಬೆಳೆ ಎಂದು ವಿದ್ವಾಂಸರು ಗುರುತಿಸುತ್ತಾರೆ.

ನಿಮ್ಮ ಸೀಮೆಯ ಬೂದಿ ದಿಬ್ಬಗಳ ವಿಷಯಕ್ಕೆ ಒಂದು ಮಾತು ಉಳಿದಿದೆ. ಈ ಬೂದಿ ಹೊಲಕ್ಕೆ ಒಳ್ಳೆಯ ಗೊಬ್ಬರ ಎಂದು ಬಂಡಿಗಟ್ಟಲೆ, ಈಗ ಟ್ರ್ಯಾಕ್ಟರ್‌ಗಟ್ಟಲೆ ಸಾಗಿಸಿ ಹಲವು ಕಡೆ ದಿಬ್ಬಗಳೇ ಕರಗಿವೆ. ಹೊಲದ ಅಂಚಿನಲ್ಲಿ ಬೂದು-ಬಿಳಿ ಬಣ್ಣದ ಹಗುರ ಗಟ್ಟಿಗಳು, ಒಡೆದರೆ ಒಳಗೆ ಗಾಜಿನಂತೆ ಕರಗಿ ಹೆಪ್ಪುಗಟ್ಟಿದ ಭಾಗ, ನಡುವೆ ಮಡಕೆ ಚೂರು, ನಯವಾದ ಕಲ್ಲಿನ ಕೊಡಲಿ ಕಂಡರೆ ಅಗೆಯದೆ, ಫೋಟೊ ತೆಗೆದು ತಹಶೀಲ್ದಾರ್ ಕಚೇರಿಗೋ ರಾಜ್ಯ ಪುರಾತತ್ವ ಇಲಾಖೆಗೋ ತಿಳಿಸಿ. ಕೊಡಲಿಯನ್ನು ಎತ್ತಿಕೊಂಡು ಮನೆಗೆ ತರಬೇಡಿ. ಅದು ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂಬುದರಿಂದಲೇ ಕಾಲ ತಿಳಿಯುವುದು.